ಎತ್ತಿ ಹುಯ್ದ ನೀರು

ಹುಣಸೆಮರ ಹಿಂದಕ್ಕೆ ಹೋಯಿತು, ಅದರ ಬುಡದ ಚಪ್ಪಡಿ ಹೋಯಿತು, ಚಪ್ಪಡಿಯ ಮೇಲೆ ಕೂತಿದ್ದ ಮುದುಕನ ಕೆಂಪು ವಸ್ತ್ರ ಧೂಳಿನಲ್ಲಿ ಮುಳುಗಿತು, ಉಡಿಗಾಲ, ಯಾರ್ರೀ ಉಡಿಗಾಲ ಎಂದು ಎರಡು ಸಲ ಕೂಗಿದ ಕಂಡಕ್ಟರ್ ಸೀಟಿ ಊದಿಯಾಗಿದೆ, ಕೃಪಾವತಿ ಇಳಿಯಲಿಲ್ಲ. ಎದ್ದಿದ್ದಳು, ಅದೇನೂ ಸುಳ್ಳಲ್ಲ, ಚೀಲ ಹೆಗಲಿಗೇರಿತ್ತು, ಕೊಡೆ ಕೈಗೆ ಬಂದಿತ್ತು, ಅಷ್ಟರಲ್ಲಿ ಪಕ್ಕದ ಹೆಂಗಸು ಇಲ್ಲೇ ಇಳೀತೀರಾ ಅವ್ವ ಎಂದು ಕೇಳಿದಳು, ಇಲ್ಲಮ್ಮ, ಗುಂಡ್ಲುಪೇಟೆಗೆ ಎಂದು ಬಾಯಿ ತಾನಾಗಿ ಹೇಳಿತು, ಬಾಯಿ ಹೇಳಿದ ಮೇಲೆ ಕಾಲು ಕೂತುಕೊಂಡಿತು — ಎಂಥ ಬಾಯಿ ಇದು, ಇಪ್ಪತ್ತು ವರ್ಷದಿಂದ ಮನೆ ಮನೆ ಬಾಗಿಲಲ್ಲಿ ಸತ್ಯ ಸತ್ಯ ಎಂದು ಬಡಬಡಿಸುವ ಬಾಯಿ, ತನ್ನ ಸರದಿ ಬಂದಾಗ ಮಾತ್ರ ಎಷ್ಟು ನಾಜೂಕಾಗಿ ನುಣುಚಿಕೊಳ್ಳುತ್ತದೆ. ತಮಟೆ ಕೇಳಿತೇ, ಈ ಬಸ್ಸಿನ ಗಡಗಡದಲ್ಲಿ ಏನು ಕೇಳುತ್ತದೆ, ಕೇಳಲಿಲ್ಲ, ಇಲ್ಲ ಕೇಳಿತು, ಮರದ ಹತ್ತಿರ ಇಂಜಿನ್ ಒಂದು ಗಳಿಗೆ ಉಸಿರು ಬಿಟ್ಟಾಗ ಹೊಲದ ಆಚೆಯಿಂದ ಬಂತು, ಕೇರಿಯ ತಮಟೆ, ಅಣ್ಣನ ಸಾವಿನ ತಮಟೆ. ಬೆಳಗ್ಗೆ ಚಾಮರಾಜನಗರದ ಮಿಷನ್ ಕಾಂಪೌಂಡಿನ ಗೇಟು ತೆರೆದೇ ಇದ್ದರೂ ಒಳಗೆ ಬಾರದೆ ಆಚೆಯೇ ನಿಂತಿದ್ದ ಕೇರಿಯ ಮುದ್ದಯ್ಯ, ಹೆಗಲ ಮೇಲಿನ ಬಟ್ಟೆ ಕಂಕುಳಿಗೆ ಇಳಿಸಿಕೊಂಡು, ಕೃಪಾವತಿಯನ್ನು ಹಳೆಯ ಹೆಸರಿನಲ್ಲೇ ಕರೆದು, ರಾಚವ್ವ, ನಿಮ್ಮಣ್ಣ ಓಗ್ಬುಟ್ಟ ಕಣವ್ವ, ಮದ್ಯಾನ್ನಕ್ಕೆ ಮಣ್ಣು, ಒಡಹುಟ್ಟಿದೋಳು ನೀನೊಬ್ಳೆಯ, ಬಾಯ್ಗೆ ನೀರು ಬುಡಕ್ಕೆ ನೀನು ಬರಗಂಟ ಹೆಣ ಎತ್ತಕ್ಕಿಲ್ಲ ಅಂತ ಚಿಕ್ಕಮಾದಮ್ಮ ಕೂತವ್ಳೆ ಅಂದ. ಚಿಕ್ಕಮಾದಮ್ಮ ಎಂದರೆ ಅತ್ತಿಗೆ, ಅಣ್ಣನ ಹೆಂಡತಿ, ಕೂತಳೆಂದರೆ ಕೂತಳೇ. ನೀನು ನಡಿ ಮುದ್ದಣ್ಣ, ಬಸ್ಸಿನಲ್ಲಿ ಬಂದುಬಿಡುತ್ತೇನೆ ಎಂದಳು ಕೃಪಾವತಿ. ಬಸ್ಸಿನಲ್ಲಿ ಬಂದದ್ದೂ ಆಯಿತು, ದಾಟಿದ್ದೂ ಆಯಿತು.

ಇಲ್ಲ, ದಾಟಿದ್ದಲ್ಲ, ಲೆಕ್ಕ ಹಾಕಿಯೇ ಹೊರಟದ್ದು, ಗುಂಡ್ಲುಪೇಟೆಗೆ ಹೋಗಿ ಗಂಗಾಂಬಿಕೆಯನ್ನು ಕರೆದುಕೊಂಡು ಹನ್ನೊಂದರ ಬಸ್ಸಿಗೆ ಹಿಂದಿರುಗಿದರೆ ಹನ್ನೆರಡಕ್ಕೆಲ್ಲ ಇದೇ ಹುಣಸೆಮರ ಬರುತ್ತದೆ, ಮಣ್ಣಾಗುವ ಹೊತ್ತಿಗೆ ಸರಿಯಾಗಿ ಇಳಿಯಬಹುದು, ಆದರೆ ಇಳಿಯುವಾಗ ಪಕ್ಕದಲ್ಲಿ ಗಂಗಾಂಬಿಕೆ ಇರುತ್ತಾಳಲ್ಲ, ಇಲ್ಯಾಕವ್ವ ಇಳೀತೀರಿ ಎನ್ನುತ್ತಾಳಲ್ಲ, ಅವಳಿಗೇನು ಹೇಳುವುದು — ಆ ಲೆಕ್ಕ ಅಲ್ಲೇ ನಿಂತಿದೆ, ಬೆಳಗ್ಗೆಯಿಂದ. ಒಂದೇ ದಿನಕ್ಕೆ ಎರಡೂ ಯಾಕೆ ಬಂದವು, ದೇವರಿಗೆ ಬೇರೆ ದಿನ ಸಿಗಲಿಲ್ಲವೇ. ಈ ದಿನ ಬಿಟ್ಟರೆ ಗಂಗಾಂಬಿಕೆ ಹೊರಡುವ ಹಾಗಿಲ್ಲ, ಅತ್ತೆ ಮಲ್ಲಾಜಮ್ಮ, ಮಾವ ಮರಿಮಲ್ಲಪ್ಪ ಇಬ್ಬರೂ ಬೇಗೂರಿಗೆ ಮದುವೆಗೆ ಹೋಗಿದ್ದಾರೆ, ಸಂಜೆಗೆ ವಾಪಸ್ಸು, ಗಂಡ ಸತ್ತ ಸೊಸೆಯನ್ನು ಮದುವೆ ಮನೆಗೆ ಯಾರು ಕರೆದೊಯ್ಯುತ್ತಾರೆ, ಮನೆ ಕಾಯಲು ಬಿಟ್ಟಿದ್ದಾರೆ, ಮನೆಗೆ ಬೀಗ ಇದ್ದರೂ. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಹತ್ತೊಂಬತ್ತಕ್ಕೇ ಕುಂಕುಮ ಅಳಿಸಿದ್ದು, ಜಗಲಿಯ ಬಾಗಿಲ ಸಂದಿಯಲ್ಲಿ ಅರ್ಧ ಮುಖ ಇಟ್ಟುಕೊಂಡು, ಕೃಪಾವತಿ ಬಿಚ್ಚಿ ತೋರಿಸುವ ಯೇಸುಸ್ವಾಮಿಯ ಚಿತ್ರಗಳನ್ನು ನಾಲ್ಕು ವರ್ಷ ನೋಡಿದವಳು, ಚಿತ್ರದ ಕೆಳಗಿನ ಅಕ್ಷರ ಯಾವುದವ್ವ ಎಂದು ಕೇಳಿ ಕೇಳಿ ಓದು ಕಲಿತವಳು, ಈಗ ಸುವಾರ್ತೆಯ ಹಳದಿ ರಟ್ಟಿನ ಪುಸ್ತಕವನ್ನು ರಾಗಿ ಮಡಕೆಯೊಳಗೆ ಬಚ್ಚಿಟ್ಟು ಓದುತ್ತಾಳೆ. ಭಾನುವಾರ ದೀಕ್ಷಾಸ್ನಾನ, ಆಮೇಲೆ ಮೈಸೂರಿನ ಹಾಸ್ಟೆಲ್ಲು, ಟೀಚರ್ ತರಬೇತಿ, ಎಲ್ಲ ಗೊತ್ತುಮಾಡಿದ್ದಾರೆ ಅಯ್ಯನವರು, ಸಭೆಯ ಪಾದ್ರಿಗಳು, ಅವರಿಗಂತೂ ನೆಲದ ಮೇಲೆ ಕಾಲಿಲ್ಲ, ಮೇಲಿನ ಬೀದಿಯಿಂದ ಒಬ್ಬರು, ಕೃಪಾವತಮ್ಮ, ಮೇಲಿನ ಬೀದಿಯಿಂದ ಎಂದು ಮೂರು ಸಲ ಹೇಳಿದರು. ಕೇರಿಯಿಂದ ಹತ್ತು ಮನೆ ಬಂದಾಗ ಹಾಗೆ ಹೇಳಲಿಲ್ಲ ಅವರು, ಅವತ್ತು ಹಾಜರಿ ಪುಸ್ತಕ ಎಲ್ಲಿದೆ ಎಂದು ಕೇಳಿದ್ದರು, ಅಷ್ಟೆ.

ಇಪ್ಪತ್ತು ವರ್ಷಕ್ಕೆ ಒಬ್ಬಳು. ಎಷ್ಟು ಬಾಗಿಲು, ದೇವರೇ, ಎಷ್ಟು ಜಗಲಿ, ಹಂಗಳದಲ್ಲಿ ಒಂದು ಮನೆಯ ನಾಯಿ ಸೆರಗು ಹರಿದಿತ್ತು, ಪೇಟೆಯಲ್ಲಿ ಶಿವರುದ್ರಮ್ಮ ಎಂಬಾಕೆ ಇವಳ ಕೊಡೆ ಬೀದಿಯ ತಿರುವಿನಲ್ಲಿ ಕಂಡರೆ ಸಾಕು ಅಗುಳಿ ಹಾಕುತ್ತಿದ್ದಳು, ಕೆಲವರು ಚಿತ್ರ ನೋಡಲು ಕರೆಯುತ್ತಿದ್ದರು, ನೋಡಿ ನಕ್ಕು ಒಳಗೆ ಹೋಗುತ್ತಿದ್ದರು, ಚಿತ್ರದವ್ವ ಬಂದ್ಲು ಎಂದು ಮಕ್ಕಳು ಹಿಂದೆ ಬರುತ್ತಿದ್ದವು, ಎಲ್ಲರೂ ಕೇಳುವ ಮೊದಲ ಮಾತು ಒಂದೇ, ನೀವು ಯಾವ ಪೈಕಿ. ನಾವು ಯೇಸುಸ್ವಾಮಿಯವರು ಎನ್ನುವುದು ಇವಳ ಜವಾಬು. ಮಲ್ಲಾಜಮ್ಮ ಸುಮ್ಮನೆ ಬಿಡುವವಳೇ, ಅದು ಈಗಾಯ್ತು ಕಣಮ್ಮ, ಅದ್ಕೂ ಮುಂಚೆ ಎಂದಳು, ಅದಕ್ಕೂ ಮುಂಚೆ ಇದ್ದವಳು ಸತ್ತುಹೋದಳಮ್ಮ, ಇದು ಹೊಸ ಹುಟ್ಟು ಎಂದಳು ಕೃಪಾವತಿ, ಎಷ್ಟು ಚೆಂದದ ಮಾತು, ಮಿಷನ್ನಿನ ದೊರೆಸಾನಿ ಕಲಿಸಿದ್ದು, ಕಲಿಸಿದ ದೊರೆಸಾನಿ ಹಡಗು ಹತ್ತಿ ತನ್ನ ದೇಶಕ್ಕೆ ಹೋದಳು, ಮಾತು ಇಲ್ಲೇ ಉಳಿಯಿತು, ಬೇಕಾದಾಗ ಕೈಗೆ ಸಿಗುತ್ತದೆ. ಮೊದಲ ವರ್ಷ ಆ ಮನೆಯಲ್ಲಿ ನೀರು ಕೊಟ್ಟದ್ದು ತೆಂಗಿನ ಚಿಪ್ಪಿನಲ್ಲಿ, ಚಿಪ್ಪು ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು, ಕುಡಿದು ತೊಳೆದು ತಾನೇ ಸಿಕ್ಕಿಸಬೇಕು. ಎರಡನೆಯ ವರ್ಷ ಸೂರಿಗೆ ಸೀಳುಬಿದ್ದ ಲೋಟ ಬಂತು. ಮೂರನೆಯ ವರ್ಷ ಒಂದು ದಿನ ಬಾಗಿಲ ಹಿಂದೆ ಮಲ್ಲಾಜಮ್ಮ ಶಿವರುದ್ರಮ್ಮನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು, ಮಾತು ನೋಡು ಎಂಗದೆ, ನಡೆ ನೋಡು, ಬಿಳೀ ಸೀರೆ, ಯಾರೋ ಒಳ್ಳೆ ಕುಲಸ್ತರ ಮಗಳೇ ಇರ್ಬೇಕು, ಗಂಡ ಸತ್ತು ಕಷ್ಟಕ್ಕೆ ಬಿದ್ದು ಆ ಜನಕ್ಕೆ ಸೇರ್ಕಂಡವ್ಳೆ. ಆವತ್ತೇ ಒಳಗಿನಿಂದ ಹಿತ್ತಾಳೆ ಲೋಟ ಬಂತು, ಬೆಳಗಿ ಚಿನ್ನದ ಹಾಗಿದ್ದ ಲೋಟ. ಇಲ್ಲ ಎನ್ನಬಹುದಿತ್ತು, ತಾಯಿ, ನಾನು ನೀವಂದುಕೊಂಡವಳಲ್ಲ ಎಂದಿದ್ದರೆ ಏನಾಗುತ್ತಿತ್ತು, ಮತ್ತೆ ಚಿಪ್ಪು ಬರುತ್ತಿತ್ತು ಇಲ್ಲವೇ ಅಗುಳಿ ಬೀಳುತ್ತಿತ್ತು. ನನಗಲ್ಲ, ಸುವಾರ್ತೆಗೆ ಬಾಗಿಲು ತೆರೆಯಿತು ಎಂದು ಮನಸ್ಸಿಗೆ ಹೇಳಿಕೊಂಡಳು, ಹೇಳಿಕೊಂಡು ಲೋಟ ಕಚ್ಚಿಯೇ ಕುಡಿದಳು, ಹಿತ್ತಾಳೆ ತುಟಿಗೆ ತಣ್ಣಗಿತ್ತು, ಹಿತವಾಗಿತ್ತು, ಅದನ್ನು ಯಾವ ಪ್ರಾರ್ಥನೆಯಲ್ಲೂ ಒಪ್ಪಿಕೊಂಡಿಲ್ಲ. ಗುಂಡ್ಲುಪೇಟೆಯನ್ನು ಕೇಳಿ ಪಡೆದದ್ದೂ ತಾನೇ ಅಲ್ಲವೇ, ಉಡಿಗಾಲದ ಸುತ್ತಿನ ಊರುಗಳು ನನಗೆ ಬೇಡ, ಪರಿಚಯದವರ ಮುಂದೆ ಮಾತು ಹೊರಡುವುದಿಲ್ಲ ಎಂದು ದೊರೆಸಾನಿಯ ಹತ್ತಿರ ಕೈಮುಗಿದು ಕೇಳಿದ್ದು. ಪರಿಚಯದವರು ಎಂದರೆ ಯಾರು, ಅಣ್ಣ.

ತೆರಕಣಾಂಬಿ ಬಂತು, ಬುಟ್ಟಿ ಕೋಳಿ ಇಳಿಯಿತು, ವೀಳ್ಯದೆಲೆ ಹತ್ತಿತು, ಮುಂದಿನ ಸೀಟಿನವನ ತಲೆಯ ಎಣ್ಣೆ ವಾಸನೆ, ಬಿಸಿಲು ಇನ್ನೂ ಏರಿಲ್ಲ, ಆದರೂ ಬಾಯಿ ಒಣಗುತ್ತಿದೆ. ಹೋದ ಬೇಸಿಗೆಯ ಬಿಸಿಲು ಇಂಥದಲ್ಲ, ಆವತ್ತು ಜಗಲಿಯ ಕಲ್ಲು ಕಾಯುತ್ತಿತ್ತು, ಕೃಪಾವತಿ ತೊಡೆಯ ಮೇಲೆ ಚಿತ್ರದ ಸುರುಳಿ ಬಿಚ್ಚಿದ್ದಳು, ಬಾವಿಕಟ್ಟೆಯ ಚಿತ್ರ, ದಣಿದು ಕೂತ ಸ್ವಾಮಿ, ಎದುರಿಗೆ ಕೊಡ ಹಿಡಿದ ಹೆಂಗಸು, ಅವಳು ಯಾರೂ ಮುಟ್ಟಿಸಿಕೊಳ್ಳದ ಜನದವಳು, ಸ್ವಾಮಿ ಅವಳ ಕೈಯಿಂದಲೇ ನೀರು ಕೇಳಿದರು ಎಂದು ಹೇಳುತ್ತಿದ್ದಳು, ಮರಿಮಲ್ಲಪ್ಪ ಒಳಗಿನಿಂದಲೇ ನಮ್ಮ ಶರಣರೂ ಅದ್ನೇ ಹೇಳಿರೋದು ಕಣಮ್ಮ, ಈಗ ಸರ್ಕಾರದೋರೂ ಕಾನೂನು ತಂದವ್ರೆ ಎಂದ, ಎಂದು ಮಗ್ಗುಲಿಗೆ ತಿರುಗಿ ಮಲಗಿದ. ಮಲ್ಲಾಜಮ್ಮ ಅಕ್ಕಿ ಆರಿಸುತ್ತಿದ್ದಳು. ಬೀದಿಯಲ್ಲಿ ಯಾರೋ ಬಂದು ನಿಂತರು, ಹೆಗಲ ಮೇಲೆ ಕಪಿಲೆಯ ತೊಗಲ ಬಾನಿ, ಹೊಸದಾಗಿ ಹೊಲಿದದ್ದು, ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಬಾನಿ, ಅಪ್ಪನ ಕಾಲದಿಂದಲೂ ಈ ಮನೆಯ ತೋಟಕ್ಕೆ ಬಾನಿ ಹೊಲಿದು ಕೊಡುವುದು ತಮ್ಮ ಮನೆಯ ವರಸೆ ಎಂಬುದು ಇವಳಿಗೆ ಗೊತ್ತೇ ಇರಲಿಲ್ಲವೇ ಅಥವಾ ಗೊತ್ತಿದ್ದೂ ಮರೆತಿದ್ದಳೇ — ಬಾನಿ ತಂದಿವ್ನಿ ಕಣವ್ವ, ವಸಿ ನೀರು ಬುಡ್ಸಿ ಎಂದ ದನಿಗೆ ತಲೆಯೆತ್ತಿದಳು. ಪುಟ್ಟಮಾದು. ಮಾದಣ್ಣ. ಮಲ್ಲಾಜಮ್ಮ ಸೊಸೆಗೆ ಸನ್ನೆ ಮಾಡಿದಳು, ಗಂಗಾಂಬಿಕೆ ಚೊಂಬು ತಂದಳು, ಜಗಲಿಯ ಅಂಚಿಗೆ ಬಂದಳು, ಅಣ್ಣ ಬೀದಿಯಲ್ಲಿ ಬಗ್ಗಿ ಬೊಗಸೆಯೊಡ್ಡಿದ, ಚೊಂಬು ಎತ್ತರಕ್ಕೆ ಹೋಯಿತು, ಅಷ್ಟು ಎತ್ತರದಿಂದ ನೀರು ಬಿತ್ತು, ಹುಡುಗಿಯ ಕಣ್ಣು ಚಿತ್ರದ ಮೇಲೇ ಇತ್ತು, ಸ್ವಾಮಿ ನೀರು ಕೇಳುವ ಚಿತ್ರದ ಮೇಲೆ, ಕೈ ಮಾತ್ರ ತನ್ನ ಪಾಡಿಗೆ ಎತ್ತಿ ಹುಯ್ಯುತ್ತಿತ್ತು, ಅದನ್ನು ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಕುಡಿಯುತ್ತ ಕುಡಿಯುತ್ತ ಅಣ್ಣ ಕಣ್ಣೆತ್ತಿದ. ಬೊಗಸೆಯ ಮೇಲಿನಿಂದ ನೋಡಿದ. ಬೆಳಗಿದ ಲೋಟ ಹಿಡಿದು ಜಗಲಿಯ ಮೇಲೆ ಕೂತ ತಂಗಿಯನ್ನು ನೋಡಿದ.

ರಾ ಎಂದ, ಅಷ್ಟೇ, ನೀರು ನೆತ್ತಿಗೇರಿ ಕೆಮ್ಮಿದ. ಯಾಕ್ಲಾ ಮಾದ, ಆ ಅವ್ವಾರು ಗೊತ್ತಾ ಎಂದಳು ಮಲ್ಲಾಜಮ್ಮ. ಕೃಪಾವತಿ ಹೌದು ಎಂದರೆ ಮುಗಿಯಿತು, ಎರಡಕ್ಷರದ ಮಾತು, ಅಣ್ಣ ಎಂದರೂ ಸಾಕಿತ್ತು. ಅಣ್ಣ ಬಾಯಿ ಒರೆಸಿಕೊಂಡ, ಇಲ್ಲ ಕಣವ್ವ, ನಮ್ಮೂರ್ ಕಡೆ ಒಬ್ಳು ಇಂಗೇ ಇದ್ಲು, ಅವ್ಳು ಸತ್ತೋಗಿ ಬಾಳ ದಿನ ಆಯ್ತು ಅಂದ. ತನ್ನ ಚೆಂದದ ಮಾತು ಅವನಿಗೆ ಯಾರು ಹೇಳಿಕೊಟ್ಟರು, ಯಾರೂ ಇಲ್ಲ, ತಂಗಿಯ ಕೈಯಲ್ಲಿನ ಲೋಟ ನೋಡಿ ಅವನೇ ಕಂಡುಕೊಂಡ, ಓದಿಲ್ಲದವನು, ಬಾವಿಕಟ್ಟೆಯ ಚಿತ್ರ ಕಂಡಿಲ್ಲದವನು, ಒಂದು ಉಸಿರಿನಲ್ಲಿ ಎಲ್ಲ ಅರ್ಥ ಮಾಡಿಕೊಂಡು ಅವಳನ್ನು ಉಳಿಸಿಬಿಟ್ಟ. ಅವಳೇನು ಮಾಡಿದಳು, ಉಳಿದ ನೀರನ್ನು ತಳ ಕಾಣುವವರೆಗೆ ಕುಡಿದಳು, ಸುರುಳಿಯ ಮುಂದಿನ ಚಿತ್ರ ತಿರುವಿದಳು. ಮೂರು ತಿಂಗಳು ಬಿಟ್ಟು ಉಡಿಗಾಲಕ್ಕೆ ಹೋದಾಗ ಅವನು ಅಂಗಳದಲ್ಲಿ ಕೂತು ತೊಗಲು ಹೊಲಿಯುತ್ತಿದ್ದ, ಆ ಮಾತು ಅವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ, ಬಾಯಾರ್ದ್ಯಾ ಅಂತ ಕೇಳಿ ಸೊಟ್ಟ ಲೋಟದಲ್ಲಿ ನೀರು ತಂದುಕೊಟ್ಟ, ಹೊರಡುವಾಗ ಮಾತ್ರ ದಬ್ಬಳದ ತುದಿ ನೋಡಿಕೊಂಡು ಹೇಳಿದ, ಇನ್ಮ್ಯಾಕೆ ಆ ಮನೆ ಬಾನಿ ನಾನು ಹೊಲಿಯಕ್ಕಿಲ್ಲ ಬುಡು ಕಣಮ್ಮಿ, ಅಲ್ಲಿಗೆ ಬಂದ್ರೆ ನಿಂಗೆ ತೊಂದ್ರೆ. ಹಾಗೆ ಮಾಡಬೇಡ ಅಣ್ಣ, ಬಾ ಎನ್ನಲಿಲ್ಲ ಇವಳು. ಒಳ್ಳೆಯದಾಯಿತು ಎಂದು ಅನ್ನಿಸಿತು, ಅದೂ ನಿಜ. ಬರುವ ಬಸ್ಸಿನಲ್ಲಿ ಹಗುರವಾಗಿ ಉಸಿರಾಡಿದ್ದು ನೆನಪಿದೆ.

ಸಂದಿ ಬುಡ್ಬೇಡ ಕಣಮ್ಮಿ, ಬೆರಳಿಗೆ ಬೆರಳು ಒತ್ತು, ಮೊಣಕೈ ಹೊಟ್ಟೆಗೆ ಸೇರ್ಸು, ಕತ್ತು ಬಗ್ಸು, ಇಲ್ದಿದ್ರೆ ಮೈಯೆಲ್ಲ ನೀರಾಯ್ತದೆ, ಬಾಯ್ಗೆ ಬರಕ್ಕಿಲ್ಲ ಎಂದು ಅವ್ವ ಕಲಿಸಿದ್ದಳು, ಎಲ್ಲರ ಮನೆಯ ತಾಯಂದಿರು ಮಕ್ಕಳಿಗೆ ಉಣ್ಣುವುದು ಕಲಿಸಿದರೆ ಕೇರಿಯ ತಾಯಿ ಬೊಗಸೆ ಹಿಡಿಯುವುದನ್ನು ಮೊದಲು ಕಲಿಸುತ್ತಾಳೆ. ಜ್ವರದ ವರ್ಷ ಅವ್ವ ಹೋದಳು, ಆ ವರ್ಷ ಮನೆಗೊಂದು ಹೆಣ, ಅಪ್ಪ ಮಗಳನ್ನು ದೊರೆಸಾನಿಯ ಹಾಸ್ಟೆಲ್ಲಿಗೆ ಬಿಡು ಎಂದ, ಹೊಲಿಗೆಗೆ ಮಗ ಬೇಕು, ಮಗಳು ಯಾತಕ್ಕೆ ಬೇಕು, ಹದಿಮೂರು ವರ್ಷದ ಮಾದಣ್ಣ ಎಂಟು ವರ್ಷದ ರಾಚಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಉಡಿಗಾಲದಿಂದ ಚಾಮರಾಜನಗರಕ್ಕೆ ನಡೆದ, ದಾರಿಯಲ್ಲಿ ಯಾವುದೋ ತೋಟದ ಬಾವಿ, ನೀರೆತ್ತುವವನು ಹುಯ್ಯುತ್ತೇನೆ ಹಿಡಿ ಎಂದ, ರಾಚಿಯ ಕೈ ಸಣ್ಣದು, ಎಷ್ಟು ಒತ್ತಿ ಹಿಡಿದರೂ ಸೋರಿತು, ಅತ್ತಳು, ಅಣ್ಣ ತನ್ನ ಬೊಗಸೆಯೊಡ್ಡಿ ತುಂಬಿಸಿಕೊಂಡು ಅದನ್ನು ಅವಳ ಬಾಯಿಗೆ ಹಿಡಿದ, ಕುಡಿ ಕಣಮ್ಮಿ, ನಂಗೆ ಸಾಕು ಎಂದ, ಅವನು ಇನ್ನೂ ಕುಡಿದೇ ಇರಲಿಲ್ಲ. ಅವನ ಕೈಯ ತೊಗಲ ವಾಸನೆ, ತೊಗಲು ಹದ ಮಾಡುವ ತಂಗಡಿ ಚಕ್ಕೆಯ ಒಗರು ವಾಸನೆ, ಅದರೊಳಗೆ ತಣ್ಣನೆಯ ನೀರು. ಆಮೇಲೆ ದೊರೆಸಾನಿ ಚರ್ಚಿನ ಪ್ರಭುಭೋಜನದಲ್ಲಿ ರೊಟ್ಟಿಯ ತುಂಡಿಗೆ ಹೇಗೆ ಕೈ ಒಡ್ಡಬೇಕೆಂದು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕಲಿಸುವಾಗ, ಇವಳ ಕೈ ನೋಡಿ, ಎಲ್ಲರೂ ನೋಡಿರಿ, ಎಷ್ಟು ಭಕ್ತಿಯಿಂದ ಹಿಡಿದಿದ್ದಾಳೆ, ಇವಳಿಗೆ ಯಾರು ಹೇಳಿಕೊಟ್ಟರು ಎಂದಳು. ಎಂಟು ವರ್ಷದವಳಿಗೆ ಹೊಗಳಿಕೆ ಇಷ್ಟವಾಯಿತು. ಸಭೆಯಲ್ಲಿ ಮುಂದಿನ ಚಾಪೆಯವರು, ಹಿಂದಿನ ಚಾಪೆಯವರು ಇದ್ದಾರೆಂಬುದು, ದ್ರಾಕ್ಷಾರಸದ ಬಟ್ಟಲು ಒಂದೇ ಆದರೂ ಹಿಂದಿನ ಚಾಪೆಗೆ ಕೊನೆಗೆ ಬರುತ್ತದೆಂಬುದು, ಹೆಣ್ಣು ಕೊಡುವಾಗ ಅಲ್ಲಿಯೂ ಯಾವ ಪೈಕಿ ಎಂದು ಕೇಳುತ್ತಾರೆಂಬುದು ಗೊತ್ತಾಗಲು ಇನ್ನೂ ಹತ್ತು ವರ್ಷ ಬೇಕಾಯಿತು. ಹೋದ ಬೇಸಿಗೆಯಿಂದ ಈಚೆಗೆ ರೊಟ್ಟಿಗಾಗಿ ಕೈ ಒಡ್ಡಿದಾಗಲೆಲ್ಲ ಕೈ ತನ್ನದಲ್ಲ, ಅಣ್ಣನದು, ಬೊಗಸೆಯ ಮೇಲಿನಿಂದ ಎರಡು ಕಣ್ಣು ನೋಡುತ್ತವೆ, ಅಯ್ಯನವರು ತುಂಡು ಇಡುತ್ತಾರೆ, ಇವಳು ನುಂಗುತ್ತಾಳೆ.

ಗುಂಡ್ಲುಪೇಟೆ, ಇಳೀರಿ ಇಳೀರಿ, ಕೇರಳದ ಲಾರಿಗಳು ಸಾಲುಗಟ್ಟಿವೆ, ಬಾಳೆಕಾಯಿ ಗೊನೆ, ಮಲಯಾಳದಲ್ಲಿ ಬೈಗುಳ, ಕೃಪಾವತಿ ಕೊಡೆ ಬಿಚ್ಚಿದಳು, ಕಾಲಿಗೆ ದಾರಿ ಗೊತ್ತು, ಬೀದಿಯಲ್ಲಿ ಶಿವರುದ್ರಮ್ಮನ ಅಗುಳಿ ಎಂದಿನಂತೆ ಬಿತ್ತು, ಬೀಳಲಿ, ಅಣ್ಣನ ಹೆಣ ದಾಟಿ ಬಂದವಳಿಗೆ ಇವತ್ತು ಅದು ಸರಿಯಾದ ಕೆಲಸವನ್ನೇ ಮಾಡಿತು ಎನ್ನಿಸಿತು. ಏನು ಹೇಳುವುದು. ಹುಣಸೆಮರದ ಹತ್ತಿರ, ಗಂಗಾ, ಇಲ್ಲಿ ಒಂದು ಮನೆಭೇಟಿ ಇದೆ, ನೀನು ಬಸ್ಸಿನಲ್ಲೇ ಹೋಗು, ಅಯ್ಯನವರು ನಿಲ್ದಾಣದಲ್ಲಿರುತ್ತಾರೆ ಎಂದರೆ ಆಯಿತು, ಸುಳ್ಳೂ ಅಲ್ಲ, ಅಣ್ಣನ ಮನೆಯೂ ಮನೆಯೇ, ಹೆಣದ ಬಾಯಿಗೆ ನೀರು ಬಿಡುವುದೂ ಭೇಟಿಯೇ, ಹಾಗೆ ಮಾಡಿದರೆ ಎಲ್ಲ ಉಳಿಯುತ್ತದೆ, ಹುಡುಗಿ ಉಳಿಯುತ್ತಾಳೆ, ಓದುತ್ತಾಳೆ, ರಾಗಿ ಮಡಕೆಯಿಂದ ಪುಸ್ತಕ ಆಚೆಗೆ ಬರುತ್ತದೆ, ಒಂದು ಜೀವಕ್ಕೆ ಇಷ್ಟೂ ಮಾಡದಿದ್ದರೆ ಇಪ್ಪತ್ತು ವರ್ಷ ನಡೆದದ್ದು ಯಾತಕ್ಕೆ. ನಿಜ ಹೇಳಿದರೆ ಇವಳು ಬರುವಳೇ, ಬಂದರೂ ಬರಬಹುದು, ಬಾರದಿದ್ದರೆ ಅಗುಳಿಯ ಹಿಂದೆ ಐವತ್ತು ವರ್ಷ ಕೂತಿರುತ್ತಾಳೆ, ಅದಕ್ಕೆ ಹೊಣೆ ಯಾರು. ಹೀಗೆ ಎರಡೂ ಕಡೆ ಎಳೆಯುತ್ತ ಎಳೆಯುತ್ತ ಮೂರು ಮೆಟ್ಟಿಲು ಹತ್ತಿ ಜಗಲಿಗೆ ಬಂದಾಗ ಬಾಗಿಲು ಮೊದಲೇ ತೆರೆದಿತ್ತು. ಗಂಗಾಂಬಿಕೆ ನಿಂತಿದ್ದಳು, ತಲೆ ಬಾಚಿದ್ದಳು, ಕಂಕುಳಲ್ಲಿ ಬಟ್ಟೆಯ ಗಂಟು, ಕುತ್ತಿಗೆಯಲ್ಲಿ ಇರಬೇಕಾದ ಲಿಂಗದ ಕರಡಿಗೆ ಇರಲಿಲ್ಲ, ದೇವರ ಗೂಡಿನಲ್ಲಿ ಇಟ್ಟು ಕೈಮುಗಿದು ಬಂದೆ ಎಂದಳು, ಕುತ್ತಿಗೆಯನ್ನು ಮತ್ತೆ ಮತ್ತೆ ಮುಟ್ಟಿಕೊಂಡಳು. ಎಷ್ಟು ಧೈರ್ಯ ಈ ಹುಡುಗಿಗೆ, ಕೃಪಾವತಿಯ ಬಾಯಿಂದ ಹೊರಟ ಮಾತುಗಳನ್ನೆಲ್ಲ ನಂಬಿ ಹೊಸಿಲು ದಾಟಿ ನಿಂತಿದ್ದಾಳೆ.

ಬಿಸಿಲಲ್ಲಿ ಬಂದ್ರಿ, ಕುಡೀರಿ, ಇನ್ನೂ ವಸಿ ಹೊತ್ತದೆ ಎಂದು ಗಂಗಾಂಬಿಕೆ ಒಳಗೆ ಹೋಗಿ ಚೊಂಬು ತಂದಳು, ಲೋಟ ತಂದಳು, ಆ ಹಿತ್ತಾಳೆ ಲೋಟವಲ್ಲ, ಬೆಳ್ಳಿಯದು, ತವರಿನಿಂದ ತಂದದ್ದು, ಇವತ್ತು ಇದ್ರಲ್ಲೇ ಕುಡೀಬೇಕು ನೀವು ಎಂದು ತುಂಬಿಸಿ ಕೈಗೆ ಕೊಟ್ಟಳು, ಬೆರಳಿಗೆ ಬೆರಳು ತಾಗಿತು, ಅವಳಿಗೆ ಅದು ಗಮನಕ್ಕೂ ಬರಲಿಲ್ಲ. ಆಮೇಲೆ ಚೊಂಬು ಹಿಡಿದೇ ನಿಂತು ಕೇಳಿದಳು. ಒಂದು ಕೇಳ್ಲಾ ಅವ್ವ, ಬಯ್ಬಾರ್ದು. ಅಲ್ಲಿ ಒಂದೇ ಬಟ್ಲಲ್ಲಿ ಎಲ್ರೂ ಕುಡೀತಾರಂತಲ್ಲ, ಕೇರಿಯೋರೂ ಇರ್ತಾರಂತಲ್ಲ, ನಂಗೆ ಅದೊಂದೇ ದಿಗಿಲು. ನಿಮ್ಮಂತ ಕುಲಸ್ತರೇ ಕುಡಿದವ್ರೆ, ನಾನ್ಯಾಕೆ ಕುಡೀಬಾರ್ದು ಅಂದ್ಕಂಡು ಧೈರ್ಯ ತಕ್ಕಂಡಿವ್ನಿ. ಮೊದಲ್ನೇ ಸಲ ನಿಮಗೆ ಎಂಗಾಯ್ತು, ವಾಂತಿ ಬಂದಂಗಾಗ್ಲಿಲ್ವಾ? ಕಣ್ಣಲ್ಲಿ ಕೆಟ್ಟದ್ದೇನೂ ಇಲ್ಲ, ಕಲಿಯುವ ಹುಡುಗಿಯ ಕಣ್ಣು, ಅಕ್ಷರ ಯಾವುದವ್ವ ಎಂದು ಕೇಳಿದ ಅದೇ ಕಣ್ಣು. ಅಭ್ಯಾಸವಾಗುತ್ತದಮ್ಮ — ಬಾಯಿ ಸಿದ್ಧವಾಗಿತ್ತು, ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು, ಅಭ್ಯಾಸವಾಗುತ್ತದಮ್ಮ, ಸ್ವಾಮಿ ಬಲ ಕೊಡುತ್ತಾರೆ, ಎದ್ದೇಳು, ಬಸ್ಸಿಗೆ ಹೊತ್ತಾಯಿತು, ಇಷ್ಟೇ ಸಾಕು, ಅಷ್ಟು ಹೊತ್ತಿಗೆ ಉಡಿಗಾಲದ ಅಂಗಳದಲ್ಲಿ ಹೆಣದ ಬಾಯಿ ತೆರೆದಿದೆ, ಒಡಹುಟ್ಟಿದೋಳು ನೀನೊಬ್ಳೆಯ, ಚಿಕ್ಕಮಾದಮ್ಮ ಕೂತವ್ಳೆ, ಲೋಟ ಭಾರವಾಯಿತು, ತುಟಿಯವರೆಗೆ ಹೋಗಲಿಲ್ಲ.

ಲೋಟವನ್ನು ತುಳುಕದ ಹಾಗೆ ಜಗಲಿಯ ಮೇಲೆ ಇಟ್ಟಳು, ಚೀಲ ಇಟ್ಟಳು, ಕೊಡೆ ಇಟ್ಟಳು, ಒಂದು, ಎರಡು, ಮೂರು ಮೆಟ್ಟಿಲು, ಬೀದಿಯ ಧೂಳು, ಇಲ್ಲೇ ಅಲ್ಲವೇ ನಿಂತಿದ್ದದ್ದು ಅವನು, ಬಾನಿಯನ್ನು ಈ ಕಲ್ಲಿಗೆ ಒರಗಿಸಿದ್ದ. ಯಾಕವ್ವ ಇಳಿದ್ರಿ ಎಂದಳು ಗಂಗಾಂಬಿಕೆ. ಬೆನ್ನು ತಾನಾಗಿ ಬಗ್ಗಿತು, ಮೊಣಕೈ ಹೊಟ್ಟೆಗೆ ಸೇರಿತು, ಮೂವತ್ತೆಂಟು ವರ್ಷ ನೀರಿಗೆ ಒಡ್ಡದ ಕೈ ಏನನ್ನೂ ಮರೆತಿರಲಿಲ್ಲ, ನಾಲಿಗೆಯೂ ಮರೆತಿರಲಿಲ್ಲ, ಹಾಸ್ಟೆಲ್ಲಿನಲ್ಲಿ ತಿದ್ದಿ ತೀಡಿದ ಮಾತೆಲ್ಲ ಕಳಚಿ ಬಿತ್ತು. ನಿಮ್ಮ ತೋಟದ ಬಾನಿ ಹೊಲೀತಿದ್ದ ಪುಟ್ಟಮಾದು ನನ್ನ ಒಡಹುಟ್ಟಿದ ಅಣ್ಣ ಕಣಮ್ಮಿ, ಇವತ್ತು ಅವ್ನು ಸತ್ತೋದ, ನಾನು ಉಡಿಗಾಲದ ಕೇರಿ ರಾಚಿ, ಬಾಯಾರ್ತದೆ, ನೀರು ಉಯ್ಯಿ. ಗಂಗಾಂಬಿಕೆ ನಕ್ಕಳು, ತಮಾಷೆಯೇನೋ ಎಂದುಕೊಂಡು, ನಗು ಅರ್ಧಕ್ಕೆ ನಿಂತಿತು, ಲೋಟ ನೋಡಿದಳು, ಲೋಟ ಕೊಟ್ಟ ತನ್ನ ಬೆರಳು ನೋಡಿಕೊಂಡಳು, ಕುತ್ತಿಗೆ ಮುಟ್ಟಿಕೊಂಡಳು, ಬರಿದಾಗಿತ್ತು, ಬಾಗಿಲು ಹಾಕಿಕೊಳ್ಳುತ್ತಾಳೆ ಈಗ ಎಂದುಕೊಂಡರೆ ಹಾಕಲಿಲ್ಲ, ಅವಳ ಕಣ್ಣು ತುಂಬಿತು, ಅವ್ವ ಎಂದಳು, ಇನ್ನೂ ಅವ್ವ ಎಂದೇ ಕರೆದಳು, ಬಟ್ಟೆಯ ಗಂಟು ಬಿಡದೆ ಚೊಂಬು ಹಿಡಿದು ಜಗಲಿಯ ಅಂಚಿಗೆ ಬಂದಳು, ಬರುತ್ತಾಳೆ, ಈ ಹುಡುಗಿ ಬರುತ್ತಾಳೆ, ಹುಣಸೆಮರದ ಹತ್ತಿರ ಜೊತೆಗೇ ಇಳಿಯುತ್ತಾಳೆ, ಇಪ್ಪತ್ತು ವರ್ಷ ಸುಳ್ಳಾಗಲಿಲ್ಲ, ಸ್ವಾಮಿ, ಎಂದುಕೊಳ್ಳುವಷ್ಟರಲ್ಲಿ ಚೊಂಬು ಹಿಡಿದ ಕೈ ಮೇಲಕ್ಕೆ ಹೋಯಿತು, ಒಂದು ಗೇಣು, ಇನ್ನೊಂದು ಗೇಣು, ಅವಳಿಗೆ ಅದು ಗೊತ್ತೇ ಇಲ್ಲ, ಕಣ್ಣಿಂದ ನೀರು ಇಳಿಯುತ್ತಿದೆ, ಕೈ ಮಾತ್ರ ಏರುತ್ತಿದೆ, ಆವತ್ತು ಏರಿದಷ್ಟೇ ಎತ್ತರಕ್ಕೆ — ಅಲ್ಲಿ ಚೊಂಬಿನ ಬಾಯಿ, ಇಲ್ಲಿ ಕೆಳಗೆ ಬೊಗಸೆ, ಮಾದಣ್ಣನ ಬೊಗಸೆ, ಬೆರಳಿಗೆ ಬೆರಳು ಒತ್ತಿದೆ, ಒಂದು ಸಂದಿಯೂ ಇಲ್ಲ.